ಹೆಂಚಿನೊಳಗಿನ ಪ್ರಶ್ನೆ

ಮಂಗಳೂರು ಹೆಂಚನ್ನು ನೋಡದ ವಿದ್ಯಾರ್ಥಿ ಕರ್ನಾಟಕದಲ್ಲಿ ವಿರಳ. ಆದರೆ ಅದರ ಹುಟ್ಟಿನ ಹಿಂದೆ ಒಂದು ಕ್ರೈಸ್ತ ಸಭೆಯ ಸಂಕಟವಿದೆ ಎಂಬುದು ಎಷ್ಟು ಮಂದಿಗೆ ಗೊತ್ತು?

1834ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಬಂದದ್ದು ಸುವಾರ್ತೆ ಸಾರಲು. ಕೇಳಿದ ಕೆಲವರು ದೀಕ್ಷಾಸ್ನಾನವನ್ನೂ ಪಡೆದರು. ತೊಡಕು ಶುರುವಾದದ್ದು ಆಮೇಲೆ. ಕ್ರೈಸ್ತನಾದವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಜಾತಿಯ ಜತೆಗೆ ಕಸುಬೂ ಕೈತಪ್ಪುತ್ತಿತ್ತು. ಶೇಂದಿ ಇಳಿಸುತ್ತಿದ್ದ ಬಿಲ್ಲವರಿಗಂತೂ ಮಿಶನ್ನೇ ಆ ಕೆಲಸ ಬೇಡವೆಂದಿತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ವಿದ್ಯಾರ್ಥಿ ಕ್ರೈಸ್ತನಾದಾಗ ಊರಿಗೆ ಊರೇ ಕೆರಳಿತು. ಮಕ್ಕಳನ್ನು ಓದಲೆಂದು ಕಳುಹಿಸಿದ್ದ ತಾಯಿತಂದೆಯರ ಕಳವಳವೂ ಸಹಜವೇ.

‘ನನ್ನನ್ನು ಹಿಂಬಾಲಿಸು’ ಎಂದು ಕರೆದವರು ಹಿಂಬಾಲಿಸಿ ಬಂದವನ ಊಟದ ಚಿಂತೆಯನ್ನೂ ಮಾಡಬೇಕಾಯಿತು. ಮುದ್ರಣಾಲಯ, ನೇಯ್ಗೆ ಬಂದವು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ ಗೂಡಿನಲ್ಲಿ ಸುಟ್ಟರೆ ಹೆಂಚು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಯಲ್ಲಿ ಆಕ್ಸೈಡಾಗಿ ಕೆಂಪು ಬಣ್ಣ ಕೊಡುತ್ತದೆ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವುದರಿಂದ ನಾಡಹೆಂಚಿನಂತೆ ಗಾಳಿಗೆ ಜರುಗುವುದಿಲ್ಲ. (ಮಂಗಗಳ ಕಾಟ ತಿಳಿದವರಿಗೆ ಇದರ ಬೆಲೆ ಗೊತ್ತು!)

ಕೂಲಿ ದೊರೆಯಿತು, ವಸತಿಯೂ ದೊರೆಯಿತು. ಆದರೆ ಧರ್ಮಬೋಧೆ ಮಾಡುವವರೇ ಸಂಬಳ ಕೊಡುವವರೂ ಆದಾಗ, ಬಂದವನು ನಂಬಿಕೆಗಾಗಿ ಬಂದನೋ ಅನ್ನಕ್ಕಾಗಿಯೋ? ಹೊರಗಿನವರು ಮಾತ್ರವಲ್ಲ, ಮಿಶನ್ನಿನ ಒಳಗಿನವರೂ ಇದನ್ನು ಕೇಳಿದರು. ತಪ್ಪು ಮಾಡಿದವನನ್ನು ಸಭೆಯಿಂದ ದೂರವಿಡುವುದೆಂದರೆ ಅವನ ಕೆಲಸಕ್ಕೂ ಕುತ್ತು ಬರಬಹುದೆಂಬ ಭಯ. ಅಂಥ ಕಡೆ ವಿಧೇಯತೆ ಯಾವುದು, ಭಕ್ತಿ ಯಾವುದು ಎಂದು ಅಳೆಯುವ ತಕ್ಕಡಿ ಯಾರಲ್ಲಿದೆ? ಹಾಗೆಂದು ಬೀದಿಪಾಲಾದವನಿಗೆ ಪ್ರಾರ್ಥನೆಯೊಂದನ್ನೇ ಕೊಟ್ಟು ಕಳುಹಿಸಿದ್ದರೆ ಅದು ಇನ್ನೂ ದೊಡ್ಡ ಅನ್ಯಾಯವಾಗುತ್ತಿತ್ತು.

ಗಂಟು ಬಿಡಿಸಿದ್ದು ಯಾವ ಚರ್ಚೆಯೂ ಅಲ್ಲ, ಮೊದಲನೆಯ ಮಹಾಯುದ್ಧ. 1914ರ ನಂತರ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಸೇರಿದವು. ಗೂಡಿನ ಮುಂದೆ ನಿಂತವನಿಗೆ ಈಗ ಯಜಮಾನರು ಬೇರೆ, ಸಭೆಯ ಹಿರಿಯರು ಬೇರೆ. ಭಾನುವಾರದ ಗಂಟೆ ಬಾರಿಸಿದಾಗ ಹೋಗುವುದೂ ಬಿಡುವುದೂ ಅವನಿಗೇ ಬಿಟ್ಟದ್ದಾಯಿತು.