ಕಾಡಿನ ಕಚ್ಚಾ ಸಾಮಗ್ರಿ: ಬಿಳಿಗಿರಿರಂಗನ ಬೆಟ್ಟದ ಪಾಠ

ಉಪ್ಪಿನಕಾಯಿ, ಚ್ಯವನಪ್ರಾಶ, ಕೇಶತೈಲ, ಸೀಗೆಪುಡಿ, ಜೇನುತುಪ್ಪ ಮುಂತಾದ ಸರಕುಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಕಚ್ಚಾ ಸಾಮಗ್ರಿಯ ಪೇಟೆಧಾರಣೆ ಚೆನ್ನಾಗಿ ತಿಳಿದಿರುತ್ತದೆ. ಆ ಸಾಮಗ್ರಿ ಹುಟ್ಟುವ ಕಾಡಿನ ಸ್ಥಿತಿಗತಿ ಅಷ್ಟಾಗಿ ತಿಳಿದಿರುವುದಿಲ್ಲ. ಮಾಲು ಬಾರದಿದ್ದಾಗ ಮಳೆಯನ್ನೋ ಮಧ್ಯವರ್ತಿಯನ್ನೋ ದೂರುವುದು ರೂಢಿ. ಪೂರೈಕೆ ಕುಸಿಯಲು ನಿಜವಾದ ಕಾರಣಗಳು ಬೇರೆಯೇ ಇರಬಹುದೆಂಬುದನ್ನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದ ಸಂಶೋಧನೆ ತೋರಿಸಿಕೊಟ್ಟಿದೆ.

ಸಂಗ್ರಾಹಕರೇ ಸಹಸಂಶೋಧಕರು

ಪೂರ್ವ ಮತ್ತು ಪಶ್ಚಿಮ ಘಟ್ಟಗಳನ್ನು ಬೆಸೆಯುವ ಈ ಬೆಟ್ಟಸಾಲಿನಲ್ಲಿ ಕುರುಚಲು ಕಾಡಿನಿಂದ ಶೋಲಾ ಕಾಡಿನವರೆಗೆ ನಾನಾ ಬಗೆಯ ಅರಣ್ಯಗಳಿವೆ. ಇಲ್ಲಿನ ಮೂಲನಿವಾಸಿಗಳಾದ ಸೋಲಿಗರು ನೆಲ್ಲಿ, ಜೇನು, ಸೀಗೆ, ಅಂಟುವಾಳ ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ತಮ್ಮ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. ಅವರ ನಗದು ಆದಾಯದ ಸರಿಸುಮಾರು ಅರ್ಧದಷ್ಟು ಈ ಮೂಲದಿಂದಲೇ ಬರುತ್ತಿತ್ತೆಂದು 1990ರ ದಶಕದ ಅಧ್ಯಯನಗಳು ದಾಖಲಿಸಿವೆ.

1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ‘ಏಟ್ರೀ’ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ಸೋಲಿಗರೊಡಗೂಡಿ ನೆಲ್ಲಿಯ ಲೆಕ್ಕ ಹಿಡಿಯುವ ಪದ್ಧತಿಯೊಂದನ್ನು ರೂಪಿಸಿದರು. ಕೊಯ್ಲಿಗೆ ಮುನ್ನ ಮರಗಳಲ್ಲಿರುವ ಕಾಯಿಯ ಅಂದಾಜು ಮಾಡುವುದು, ಕೊಯ್ದ ಪ್ರಮಾಣವನ್ನು ಬರೆದಿಡುವುದು, ಕೊಯ್ಲು ಮುಗಿದ ಮೇಲೆ ಸಭೆ ಸೇರಿ ಎರಡನ್ನೂ ಹೋಲಿಸುವುದು ಅದರ ಕ್ರಮ. ಅಂಗಡಿಯಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವಂತೆಯೇ ಇದು ಕಾಡಿನ ದಾಸ್ತಾನಿನ ಎಣಿಕೆ. ಯಾವ ಕಣಿವೆಯಲ್ಲಿ ಎಷ್ಟು ಫಲ, ಎಲ್ಲಿ ಎಳೆಯ ಗಿಡಗಳು ಮೇಲೇಳುತ್ತಿಲ್ಲ ಎಂಬ ಅರಿವು ಸೋಲಿಗರಲ್ಲಿತ್ತು. ಅದನ್ನು ಅಂಕಿಗಳಲ್ಲಿ ಹಿಡಿದಿಡುವ ವಿಧಾನವನ್ನು ವಿಜ್ಞಾನಿಗಳು ಒದಗಿಸಿದರು.

ಕಾರಣ ಕೊಯ್ಲೊಂದೇ ಅಲ್ಲ

ನೆಲ್ಲಿಮರಗಳು ಕ್ಷೀಣಿಸುತ್ತಿರುವುದು ಈ ಅಧ್ಯಯನಗಳಲ್ಲಿ ಕಂಡುಬಂದಿತು. ಅತಿಯಾದ ಕೊಯ್ಲೇ ಕಾರಣವೆಂದು ಭಾವಿಸುವುದು ಸುಲಭವಾಗಿತ್ತು. ಕೊಂಬೆ ಕಡಿದು ಕಾಯಿ ಕೀಳುವ ಕ್ರಮದಿಂದ ಹಾನಿಯಾಗುವುದು ನಿಜವೇ. ಆದರೆ ಅದಕ್ಕಿಂತ ದೊಡ್ಡ ಕಾರಣಗಳೂ ಹೊರಬಿದ್ದವು. ಕೊಂಬೆಗಳ ಮೇಲೆ ಬೆಳೆದು ಮರದ ನೀರು-ಸಾರವನ್ನು ಹೀರುವ ಬದನಿಕೆ ಒಂದು ಕಾರಣ. ನೆಲವನ್ನೆಲ್ಲ ಮುಸುಕಿ ಎಳೆಯ ಸಸಿಗಳನ್ನು ಅಡಗಿಸುವ ಲಂಟಾನ ಇನ್ನೊಂದು. ಬದನಿಕೆ ಹತ್ತಿದ ಮರಗಳಲ್ಲಿ ಫಸಲು ಕುಗ್ಗುತ್ತದೆ, ಮರ ಸಾಯುವ ಸಂಭವವೂ ಹೆಚ್ಚುತ್ತದೆ. 1997ರಲ್ಲಿ ಸಮೀಕ್ಷೆಗೊಳಗಾದ 134 ತಾಕುಗಳ ಪೈಕಿ ಶೇ. 41ರಲ್ಲಿ ಲಂಟಾನ ಇತ್ತು. 2008ರ ವೇಳೆಗೆ ಅದು ಶೇ. 81ರಷ್ಟು ತಾಕುಗಳಿಗೆ ಹಬ್ಬಿತ್ತು.

ಸೋಲಿಗರ ಹಿರಿಯರ ಅಭಿಪ್ರಾಯದಲ್ಲಿ, ಬೇಸಿಗೆಗೆ ಮುನ್ನ ಒಣ ಎಲೆಗಳಿಗಷ್ಟೇ ಹಚ್ಚುತ್ತಿದ್ದ ‘ತರಗು ಬೆಂಕಿ’ ನಿಂತುದೇ ಬದನಿಕೆ ಮತ್ತು ಲಂಟಾನಗಳೆರಡೂ ಹೆಚ್ಚಲು ಕಾರಣ. ಈ ವಾದವನ್ನು ವಿಜ್ಞಾನಿಗಳು ತಳ್ಳಿಹಾಕದೆ ಪರಿಶೀಲನೆಗೆ ಎತ್ತಿಕೊಂಡರು. ಲಂಟಾನ ದಟ್ಟವಾಗಿ ಬೆಳೆದಿರುವೆಡೆ ಈಗ ಬೆಂಕಿ ಹಚ್ಚಿದರೆ ಅದು ತರಗು ಬೆಂಕಿಯಾಗಿ ಉಳಿಯದೆ ಮರಗಳನ್ನೇ ಸುಟ್ಟೀತು. ಆದ್ದರಿಂದ ಹಳೆಯ ಪದ್ಧತಿಗೆ ಮರಳಬೇಕಾದರೂ ಮೊದಲು ಲಂಟಾನ ತೆಗೆಯುವ ಕೆಲಸ ನಡೆಯಬೇಕಾಗುತ್ತದೆ.

ನಿಷೇಧ ಮತ್ತು ಹಕ್ಕು

ಈ ನಡುವೆ, ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಬಳಿಕ ಅಭಯಾರಣ್ಯದೊಳಗಿನ ವಾಣಿಜ್ಯ ಸಂಗ್ರಹಕ್ಕೆ ತಡೆ ಬಿದ್ದಿತು. ಸೋಲಿಗರ ಆದಾಯ ನಿಂತಿತು. ಲಂಟಾನವಾಗಲಿ ಬದನಿಕೆಯಾಗಲಿ ನಿಲ್ಲಲಿಲ್ಲ. ಕೊಳ್ಳುವವರನ್ನೂ ಕೀಳುವವರನ್ನೂ ಹೊರಗಿಟ್ಟ ಮಾತ್ರಕ್ಕೆ ಮರ ಉಳಿಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

2011ರ ಜನವರಿಯಲ್ಲಿ ಈ ಪ್ರದೇಶ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯಡಿ 25 ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಮತ್ತು ಮಾರಾಟಕ್ಕೆ ಇದರಿಂದ ಕಾನೂನಿನ ಆಧಾರ ಒದಗಿತು.

ಕಳೆಯೇ ಕಚ್ಚಾ ಸಾಮಗ್ರಿ

ಲಂಟಾನ ನಿರ್ಮೂಲನೆ ವೆಚ್ಚದ ಕೆಲಸ. ಅದನ್ನೇ ಉತ್ಪಾದನೆಯ ವಸ್ತುವಾಗಿಸುವ ಯತ್ನವೊಂದು ನೆರೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ 2004ರಲ್ಲಿ ಆರಂಭವಾಯಿತು. ಲಂಟಾನ ಕಡ್ಡಿಗಳನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು ಬೆತ್ತದಂತೆ ಬಾಗಿಸಿ ಪೀಠೋಪಕರಣ ಹಾಗೂ ಬುಟ್ಟಿಗಳನ್ನು ಮಾಡಲಾಗುತ್ತದೆ. ತಮಿಳುನಾಡಿನ ಗೂಡಲೂರು ಭಾಗದ ಆದಿವಾಸಿ ಕುಶಲಕರ್ಮಿಗಳು ಇದೇ ಕಡ್ಡಿಯಿಂದ ನಿರ್ಮಿಸಿದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನಲ್ಲಿಯೂ 2024ರಿಂದ ಅಮೆರಿಕದ ಹಲವು ನಗರಗಳಲ್ಲಿಯೂ ಪ್ರದರ್ಶಿತವಾದವು. ಕಾಡಿಗೆ ಹಬ್ಬಿರುವ ಕಳೆಯ ಮುಂದೆ ಈ ಬಳಕೆ ಅಲ್ಪವೇ ಸರಿ. ಆದರೂ ಕಳೆ ಕೀಳುವ ಕೈಗೆ ಕೂಲಿ ದೊರಕಿಸುವ ಮಾರ್ಗ ಇದೆಂಬುದು ಗಮನಾರ್ಹ.

ಹವಾಮಾನ ಮತ್ತು ವ್ಯಾಪಾರ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುದನ್ನು ವರ್ತಕರು ಮರೆತಿರಲಾರರು. ಮಳೆ ಏರುಪೇರಾದಾಗ ಹೂ ಬಿಡುವ ಕಾಲ ಬದಲಾಗುತ್ತದೆ. ಹೂವನ್ನು ನಂಬಿದ ಜೇನೂ ಕಾಯಿಯೂ ಅದನ್ನೇ ಅನುಸರಿಸುತ್ತವೆ. ಒಂದೇ ಮರ, ಒಂದೇ ಕಣಿವೆಯನ್ನು ನೆಚ್ಚಿದ ವ್ಯಾಪಾರ ಇಂತಹ ವರ್ಷಗಳಲ್ಲಿ ಮುಗ್ಗರಿಸುತ್ತದೆ. ಹಲವು ಜಾತಿಯ ಮರಗಳಿರುವ ಕಾಡಿನಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಫಲ ಕೊಡುವ ಸಾಧ್ಯತೆ ಉಳಿದಿರುತ್ತದೆ. ಜೀವವೈವಿಧ್ಯವು ಈ ಅರ್ಥದಲ್ಲಿ ಸಂಗ್ರಾಹಕರಿಗೂ ಕೊಳ್ಳುವವರಿಗೂ ವಿಮೆಯಂತಿದೆ.

ಈ ನಿಟ್ಟಿನಲ್ಲಿ ಉದ್ದಿಮೆದಾರರು ಕೈಗೊಳ್ಳಬಹುದಾದ ಕ್ರಮಗಳು ಹಲವಿವೆ. ಮಾಲು ಯಾವ ಕಾಡಿನಿಂದ, ಯಾವ ಸಂಘದ ಮೂಲಕ ಬಂದಿತೆಂಬ ದಾಖಲೆ ಇರಿಸುವುದು ಮೊದಲನೆಯದು. ಸಾಧ್ಯವಿದ್ದೆಡೆ ಗ್ರಾಮಸಭೆ ಅಥವಾ ಸಹಕಾರ ಸಂಘದೊಡನೆ ನೇರ ಒಪ್ಪಂದ ಮಾಡಿಕೊಂಡು, ಕೊಯ್ಲಿಗೆ ಮುನ್ನಿನ ಅಂದಾಜನ್ನು ಆಧರಿಸಿ ಬೇಡಿಕೆ ನಿಗದಿಪಡಿಸಬಹುದು. ಕೊಂಬೆ ಕಡಿಯದೆ ಕೊಯ್ದ ಬಲಿತ ಕಾಯಿಗೆ ತುಸು ಹೆಚ್ಚಿನ ದರ ಕೊಟ್ಟರೆ ಆತುರದ ಕೊಯ್ಲಿಗೆ ಕಾರಣವಿರದು. ಇದರೊಡನೆ 2002ರ ಜೈವಿಕ ವೈವಿಧ್ಯ ಕಾಯಿದೆ ಮತ್ತು ಅದರ 2023ರ ತಿದ್ದುಪಡಿಯಡಿ ತಮ್ಮ ಘಟಕಕ್ಕೆ ಅನ್ವಯಿಸುವ ಲಾಭ ಹಂಚಿಕೆಯ ನಿಯಮಗಳನ್ನು ರಾಜ್ಯ ಜೀವವೈವಿಧ್ಯ ಮಂಡಳಿಯಿಂದ ಅರಿತುಕೊಳ್ಳುವುದು ಕ್ಷೇಮ.

ಬಂಡವಾಳವನ್ನು ಮುಟ್ಟದೆ ಬಡ್ಡಿಯಲ್ಲಿ ಬಾಳುವುದು ವರ್ತಕರಿಗೆ ಹೊಸ ಪಾಠವೇನಲ್ಲ. ಕಾಡಿನ ಮಟ್ಟಿಗೆ ಬಂಡವಾಳವೆಷ್ಟು, ಬಡ್ಡಿಯೆಷ್ಟೆಂದು ಹೇಳಬಲ್ಲವರು ಅಲ್ಲಿ ಬಾಳುವ ಜನ ಮತ್ತು ಅವರೊಡನೆ ಕೂತು ಲೆಕ್ಕ ಬರೆಯುವ ವಿಜ್ಞಾನಿಗಳು. ಆ ಲೆಕ್ಕವನ್ನು ನೋಡಿ ಕೊಳ್ಳುವ ವ್ಯಾಪಾರವೇ ಬಾಳಿಕೆ ಬರುವಂಥದ್ದು.