ಬೆರಳ ತುದಿಯ ಅಂಕಿ ಹೇಳುವುದೆಷ್ಟು?

ಕೋವಿಡ್ ಹರಡಿದ 2020-21ರಲ್ಲಿ ಪಲ್ಸ್ ಆಕ್ಸಿಮೀಟರ್ ಎಂಬ ಪುಟ್ಟ ಸಾಧನ ಅನೇಕ ಮನೆಗಳನ್ನು ಹೊಕ್ಕಿತು. ಸಿಓಪಿಡಿ ಎಂಬ ದೀರ್ಘಕಾಲಿಕ ಶ್ವಾಸಕೋಶ ರೋಗವಿರುವ ಹಲವರಿಗೆ ಅದು ಇಂದಿಗೂ ನಿತ್ಯದ ಸಂಗಾತಿ. ಈ ರೋಗ ಬೀಡಿ, ಸಿಗರೇಟು ಸೇದುವವರಿಗಷ್ಟೇ ಅಲ್ಲ, ವರ್ಷಗಟ್ಟಲೆ ಸೌದೆ ಒಲೆ ಊದಿದ ಹೆಂಗಸರಿಗೂ ಬರುತ್ತದೆ. ಶ್ವಾಸನಾಳಗಳು ಕಿರಿದಾಗುತ್ತವೆ, ಗಾಳಿಗೂಡುಗಳ ಗೋಡೆಗಳು ಹಾಳಾಗುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಕಷ್ಟವಾಗುತ್ತದೆ. ಇಂಥವರ ಬೆರಳಿಗೆ ಸಿಕ್ಕಿಸಿದ ಸಾಧನ 91 ಎಂದು ತೋರಿಸಿದರೆ, ಆ 91 ಎಲ್ಲಿಂದ ಬಂತು?

ಸಾಧನದ ಒಂದು ಬದಿಯಲ್ಲಿ ಎರಡು ಎಲ್‌ಇಡಿಗಳಿವೆ. ಒಂದು ಸುಮಾರು 660 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕನ್ನೂ, ಇನ್ನೊಂದು 940 ನ್ಯಾನೊಮೀಟರಿನ ಅವಕೆಂಪು ಕಿರಣವನ್ನೂ ಸೂಸುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಹೊತ್ತದ್ದು ಅವಕೆಂಪನ್ನು ಹೆಚ್ಚು ಹೀರುತ್ತದೆ. ಆದರೆ ಬೆರಳಿನಲ್ಲಿ ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕನ್ನು ಹೀರುತ್ತವೆಯಲ್ಲ? ಇದಕ್ಕೆ ಉಪಾಯ ಹೊಳೆದದ್ದು 1970ರ ದಶಕದ ಆರಂಭದಲ್ಲಿ, ಜಪಾನಿನ ನಿಹಾನ್ ಕೋಡೆನ್ ಕಂಪನಿಯ ಇಂಜಿನಿಯರ್ ತಕುವೊ ಅವೊಯಾಗಿಗೆ. ಅವರು ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ನೂಕುತ್ತದೆಂದು ಅಳೆಯಲು ಹೊರಟಿದ್ದರು. ನಾಡಿ ಮಿಡಿತ ಅಡ್ಡ ಬರುತ್ತಿತ್ತು. ಮಿಡಿಯುವುದು ಅಪಧಮನಿಯ ರಕ್ತವಾದ್ದರಿಂದ, ಬೆಳಕಿನ ಏರಿಳಿತವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಕಳೆದುಹೋಗುತ್ತದೆಂದು ಅವರು ಕಂಡುಕೊಂಡರು. ತೊಡಕೇ ಸಾಧನವಾಯಿತು! 1974ರಲ್ಲಿ ಇದನ್ನು ಪ್ರಕಟಪಡಿಸಿದರು.

ಹೀಗೆ ಸಾಧನ ಅಳೆಯುವುದು ಎರಡು ಏರಿಳಿತಗಳ ಅನುಪಾತವನ್ನು ಮಾತ್ರ. ಅನುಪಾತ 1 ಆದರೆ ಪರದೆಯಲ್ಲಿ ಸುಮಾರು 85 ಮೂಡುತ್ತದೆ. ಅಂಗಾಂಶದಲ್ಲಿ ಬೆಳಕು ಚದರುವುದರಿಂದ ಸರಳ ಸೂತ್ರ ಸಾಲದು. ಆರೋಗ್ಯವಂತ ಸ್ವಯಂಸೇವಕರಿಗೆ ಕಡಿಮೆ ಆಮ್ಲಜನಕದ ಗಾಳಿ ಕೊಟ್ಟು, ಅವರ ರಕ್ತವನ್ನು ಪರೀಕ್ಷಿಸಿ, ಕೋಷ್ಟಕ ತಯಾರಿಸಿರುತ್ತಾರೆ. ಯಾರನ್ನೂ ಸುಮಾರು 70ಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಅಲ್ಲಿಂದ ಕೆಳಗಿನ ಅಂಕಿ ಬರಿಯ ಅಂದಾಜು.

ಚರ್ಮದ ಬಣ್ಣವೂ ಕಳೆದುಹೋಗಬೇಕಿತ್ತು. ಪೂರ್ತಿ ಹೋಗುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಧನ 92ರಿಂದ 96 ತೋರಿಸಿದಾಗ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪು ವರ್ಣೀಯರಲ್ಲಿ 11.7 ಪ್ರತಿಶತ ಸಲ, ಬಿಳಿಯರಲ್ಲಿ 3.6 ಪ್ರತಿಶತ ಸಲ. ನಮ್ಮ ಮೈಬಣ್ಣಗಳನ್ನು ನೆನೆದರೆ ಇದು ದೂರದ ಸಂಗತಿಯಲ್ಲ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಸಾಧನ ಆಮ್ಲಜನಕ ಹೊತ್ತದ್ದೆಂದೇ ಎಣಿಸುತ್ತದೆ. ತಣ್ಣನೆಯ ಕೈ, ಉಗುರಿನ ಬಣ್ಣ, ಅಲುಗಾಟ ಇವೂ ಕೆಡಿಸುತ್ತವೆ. ಐದು ನಿಮಿಷ ಕುಳಿತು, ಕೈ ಬೆಚ್ಚಗೆ ಮಾಡಿಕೊಂಡು, ಅಂಕಿ ನಿಂತ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಒಂದು ಅಂಕಿಗಿಂತ ದಿನದಿನದ ಬದಲಾವಣೆಯೇ ಮುಖ್ಯ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಉಸಿರಾಟಕ್ಕೆ ಎರಡು ಕೆಲಸ: ಆಮ್ಲಜನಕ ತರುವುದು, ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುವುದು. ಎರಡನೆಯದರ ಬಗ್ಗೆ ಆಕ್ಸಿಮೀಟರ್ ಏನನ್ನೂ ಹೇಳದು. ತೀವ್ರ ಸಿಓಪಿಡಿ ಇರುವವರಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟರೆ ಅಂಕಿ 99ಕ್ಕೆ ಏರಬಹುದು, ಅದೇ ಹೊತ್ತಿಗೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳಬಹುದು. ಆದ್ದರಿಂದಲೇ ಅಂಥವರಿಗೆ ವೈದ್ಯರು ಸಾಮಾನ್ಯವಾಗಿ 88ರಿಂದ 92ರ ಗುರಿ ಇಡುತ್ತಾರೆ. ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಆಂಬುಲೆನ್ಸ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಧಾರಾಳವಾಗಿ ಆಮ್ಲಜನಕ ಪಡೆದ ಸಿಓಪಿಡಿ ರೋಗಿಗಳಲ್ಲಿ ಸತ್ತವರು 9 ಪ್ರತಿಶತ, ಈ ಗುರಿಗೆ ಹೊಂದಿಸಿ ಪಡೆದವರಲ್ಲಿ 2 ಪ್ರತಿಶತ. ಮನೆಯಲ್ಲಿ ಆಮ್ಲಜನಕ ಯಂತ್ರ ಇಟ್ಟುಕೊಂಡವರು "ಇನ್ನೂ ಸ್ವಲ್ಪ ಏರಲಿ" ಎಂದು ತಾವೇ ಗುಂಡಿ ತಿರುಗಿಸಬಾರದು. ಬೆಳಗಿನ ತಲೆನೋವು, ಹಗಲೆಲ್ಲ ತೂಕಡಿಕೆ, ಮಾತಿನಲ್ಲಿ ಗೊಂದಲ ಕಂಡುಬಂದರೆ, ಪರದೆಯ ಮೇಲೆ 95 ಇದ್ದರೂ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಅಪಧಮನಿಯಿಂದ ರಕ್ತ ತೆಗೆದು ಎರಡೂ ಅನಿಲಗಳನ್ನು ಅಳೆಯುತ್ತಾರೆ.