ಅಮೃತಾಪುರದ ಕಲ್ಲಿನ ಹೊತ್ತಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇವೆರಡೂ ಒಂದೇ ದಿನದಲ್ಲಿ ಕೈಗೂಡುವ ಸ್ಥಳಗಳು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಅಮೃತಾಪುರವು ಅಂಥವುಗಳಲ್ಲೊಂದು. ಹೊಯ್ಸಳ ಶಿಲ್ಪವೆಂದೊಡನೆ ಬೇಲೂರು, ಹಳೇಬೀಡು, ಸೋಮನಾಥಪುರಗಳು ನೆನಪಿಗೆ ಬರುವುದು ಸಹಜ. 2023ರಲ್ಲಿ ಆ ಮೂರೂ ವಿಶ್ವಪರಂಪರೆಯ ಪಟ್ಟಿಗೆ ಸೇರಿ ಅವುಗಳ ಹೆಸರು ಇನ್ನಷ್ಟು ದೂರ ಹರಡಿತು. ಅಮೃತಾಪುರವು ಆ ಪಟ್ಟಿಯಲ್ಲಿಲ್ಲ. ಆದರೂ ಮನೆಮಂದಿಯೆಲ್ಲರೂ ಜೊತೆಗೂಡಿ ಸಾವಧಾನವಾಗಿ ಓದಬಹುದಾದ ದೇವಾಲಯ ಯಾವುದೆಂದು ಕೇಳಿದರೆ, ನಾವು ಮೊದಲು ಹೆಸರಿಸುವುದು ಇದನ್ನೇ.

ಬೀರೂರಿನಿಂದ ಶಿವಮೊಗ್ಗೆಗೆ ಹೋಗುವ ರೈಲು ದಾರಿಯಲ್ಲಿ ತರೀಕೆರೆ ನಿಲ್ದಾಣವಿದೆ. ಅಲ್ಲಿಂದ ಅಮೃತಾಪುರ ಸುಮಾರು ಹತ್ತು ಕಿಲೋಮೀಟರು. ಇಲ್ಲಿನ ಅಮೃತೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತನು 1196ರಲ್ಲಿ ಕಟ್ಟಿಸಿದನು. ಗರ್ಭಗೃಹ ಒಂದೇ ಆದುದರಿಂದ ಇದು ಏಕಕೂಟ. ಗರ್ಭಗೃಹದ ಮುಂದೆ ಒಂಬತ್ತು ಅಂಕಣಗಳ ಮುಚ್ಚಿದ ನವರಂಗ, ಅದರ ಮುಂದೆ ಇಪ್ಪತ್ತೊಂಬತ್ತು ಅಂಕಣಗಳ ವಿಶಾಲವಾದ ತೆರೆದ ಮಂಟಪ. ಗರ್ಭಗೃಹದ ಮೇಲಣ ಶಿಖರವು ಇಂದಿಗೂ ಉಳಿದಿದೆ. ಸುಕನಾಸಿಯ ಮೇಲೆ ಸಳನು ಸಿಂಹದೊಡನೆ ಹೋರಾಡುವ ಹೊಯ್ಸಳ ಲಾಂಛನವೂ ತನ್ನ ಸ್ಥಾನದಲ್ಲಿ ನಿಂತಿದೆ.

ಮಂಟಪದೊಳಗೆ ಕಾಲಿಟ್ಟವರ ಕಣ್ಣನ್ನು ಮೊದಲು ಸೆಳೆಯುವುವು ತಿರುಗಣೆಯಲ್ಲಿ ಕಡೆದು ಕನ್ನಡಿಯಂತೆ ಹೊಳಪುಗೊಳಿಸಿದ ಕಂಬಗಳ ಸಾಲುಗಳು. ಕಲ್ಲಿಗೆ ಈ ನುಣುಪು ಬಂದುದು ಹೇಗೆಂದು ಮಕ್ಕಳು ಕೇಳದೆ ಇರಲಾರರು. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಅದು ಮೆತ್ತಗಿದ್ದು ಉಳಿಗೆ ಒಗ್ಗುತ್ತದೆ. ಗಾಳಿಬಿಸಿಲುಗಳಿಗೆ ಮೈಯೊಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ತಲೆಯೆತ್ತಿ ನೋಡಿದರೆ ಆಳವಾಗಿ ಗುಮ್ಮಟದಂತೆ ಕೊರೆದ ಭುವನೇಶ್ವರಿಗಳು, ಅವುಗಳೊಳಗೆ ಅರಳಿದ ಹೂವಿನ ಕೆಲಸ.

ಈ ಮಂಟಪದ ಹೊರಗಣ ಕೈಪಿಡಿಗೋಡೆಯೇ ನಾವು ಹೇಳಹೊರಟ ಹೊತ್ತಗೆ. ಅದರಲ್ಲಿ 140 ಕೆತ್ತನೆಯ ಫಲಕಗಳಿವೆ. ದಕ್ಷಿಣದ ಗೋಡೆಯ 70 ಫಲಕಗಳಲ್ಲಿ ರಾಮಾಯಣವಿದೆ. ಉತ್ತರದ ಗೋಡೆಯ 70ರಲ್ಲಿ 25 ಶ್ರೀಕೃಷ್ಣನ ಕಥೆಗೂ, ಮಿಕ್ಕ 45 ಮಹಾಭಾರತಕ್ಕೂ ಮೀಸಲಾಗಿವೆ. ಒಳಗೆ ಪೂಜೆಗೊಳ್ಳುವವನು ಶಿವ. ಹೊರಗೆ ಗೋಡೆಯ ತುಂಬ ರಾಮಕೃಷ್ಣರ ಚರಿತ್ರೆ. ಇದರಲ್ಲಿ ನಮ್ಮ ಪೂರ್ವಿಕರಿಗೆ ಯಾವ ವಿರೋಧವೂ ತೋರಲಿಲ್ಲ. ಬೇರೆ ಅನೇಕ ಹೊಯ್ಸಳ ಗುಡಿಗಳಲ್ಲಿ ಕಥೆಗಳು ಕಿರಿದಾದ ಪಟ್ಟಿಗಳಲ್ಲಿ ಸೂಕ್ಷ್ಮವಾಗಿ ಅಡಗಿರುತ್ತವೆ. ಇಲ್ಲಿಯ ಫಲಕಗಳು ಅವುಗಳಿಗಿಂತ ದೊಡ್ಡವು, ಒಂದೊಂದನ್ನೂ ಬೇರೆಬೇರೆಯಾಗಿ ನಿಂತು ನೋಡಬಹುದು.

ಓದುವವರು ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಉತ್ತರದ ಗೋಡೆಯ ಕಥೆ ಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತದೆ. ದಕ್ಷಿಣದ ರಾಮಾಯಣವಾದರೋ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ವಾಡಿಕೆಯಂತೆ ಬಲಬಂದವರಿಗೆ ರಾಮಾಯಣದ ಕೊನೆ ಮೊದಲಾಗಿಯೂ ಮೊದಲು ಕೊನೆಯಾಗಿಯೂ ಕಾಣುವುದರಿಂದ, ಕಥೆ ತೊಡಕಾಗುತ್ತದೆ. ಆದುದರಿಂದ ಭಕ್ತಿಯ ಪ್ರದಕ್ಷಿಣೆಯನ್ನು ಮೊದಲು ಮುಗಿಸಿ, ಬಳಿಕ ಓದಿನ ಪ್ರದಕ್ಷಿಣೆಗೆ ಬೇರೆಯಾಗಿ ಹೊರಡುವುದು ಲೇಸು.

ಕಲ್ಲು ತಾನಾಗಿ ಮಾತಾಡದು. ಹತ್ತು ತಲೆಯವನು ಯಾರು, ಬಾಲವುಳ್ಳವರು ಯಾರ ಪಕ್ಷ, ರಥದಲ್ಲಿ ನಿಂತವನು ಯಾರ ಮೇಲೆ ಬಾಣವೆಸೆಯುತ್ತಾನೆ ಎಂಬುದನ್ನು ಅರಿತವರೇ ಅದಕ್ಕೆ ಬಾಯಿ. ಈ ಗೋಡೆಯನ್ನು ಕೆತ್ತಿದವರು, ನೋಡಬರುವವರಿಗೆಲ್ಲ ಕಥೆ ತಿಳಿದೇ ಇರುತ್ತದೆಂದು ನಂಬಿಯೇ ಕೆತ್ತಿದರು. ಆ ನಂಬಿಕೆಯನ್ನು ಎಂಟು ಶತಮಾನಗಳ ಕಾಲ ಉಳಿಸಿಕೊಟ್ಟವರು ಮನೆಯ ಅಜ್ಜಅಜ್ಜಿಯರು. ಅಕ್ಷರ ಬಾರದ ಅಜ್ಜಿಯೊಬ್ಬಳು ಇಲ್ಲಿ ಮೊಮ್ಮಕ್ಕಳಿಗೆ ಯಾವ ಪಂಡಿತನಿಗೂ ಕಡಿಮೆಯಲ್ಲದ ಗುರುವಾಗಬಲ್ಲಳು. ಮನೆಯಲ್ಲಿ ಕಥೆ ಹೇಳುವುದು ನಿಂತರೆ, ಸರ್ಕಾರದವರು ಎಷ್ಟೇ ಬೇಲಿ ಹಾಕಿ ಕಾಪಾಡಿದರೂ, ಈ ಗೋಡೆ ಬರಿಯ ಕಲ್ಲಾಗಿಯೇ ಉಳಿಯುವುದು.

ಇಲ್ಲಿ ಇನ್ನೆರಡು ಹೆಸರುಗಳನ್ನು ಸ್ಮರಿಸದೆ ಮುಂದುವರಿಯಬಾರದು. ಮುಂದೆ ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ಹೆಸರುವಾಸಿಯಾದ ರೂವಾರಿ ಮಲ್ಲಿತಮ್ಮನು ತನ್ನ ಕಸುಬನ್ನು ಆರಂಭಿಸಿದುದು ಈ ಮಂಟಪದ ಭುವನೇಶ್ವರಿಗಳಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಮುಖಮಂಟಪದ ಬಳಿಯ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಅವನ ‘ಯಶೋಧರ ಚರಿತೆ’ ಹುಟ್ಟಿದುದು 1209ರಲ್ಲಿ. ಈ ಶಾಸನವಾದರೋ ಅದಕ್ಕಿಂತ ಹನ್ನೆರಡು ವರ್ಷ ಹಿಂದಿನದು. ಕಾವ್ಯದಿಂದ ಪ್ರಸಿದ್ಧನಾಗುವ ಮೊದಲೇ ಅವನ ಮಾತು ಅಮೃತಾಪುರದ ಕಲ್ಲಿನಲ್ಲಿ ನಿಂತಿತು. ಹೀಗೆ ಲೇಖನಿಯೂ ಉಳಿಯೂ ಒಂದೇ ಅಂಗಳದಲ್ಲಿ ಕೂಡಿದ ಸ್ಥಳ ಇದು.

ಇನ್ನೊಂದು ದಿನದ ಬಿಡುವುಳ್ಳವರು ಇಲ್ಲಿಂದ ಶಿವಮೊಗ್ಗೆಗೆ ಹೋಗಬಹುದು. ಅಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡದಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವಿದ್ದು, ಸುತ್ತಮುತ್ತಲ ಊರುಗಳಿಂದ ತಂದ ವಿಗ್ರಹಗಳನ್ನೂ ವೀರಗಲ್ಲುಗಳನ್ನೂ ಇರಿಸಿದ್ದಾರೆ. ಅಮೃತಾಪುರದಲ್ಲಿ ಕಲಿತ ಓದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕೊಂಡೊಯ್ಯುವ ಚಿತ್ರ, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಊರಿನ ದನಗಳನ್ನು ಕಾಯಲು ಮಡಿದ ಸಾಮಾನ್ಯರಿಗೂ ಇಂಥ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಈ ಕ್ರಮವನ್ನು ಒಮ್ಮೆ ತಿಳಿದ ಹುಡುಗನು ತನ್ನ ಊರಿನ ಕೆರೆಯ ಏರಿಯ ಮೇಲೆ ಬಿದ್ದ ಕಲ್ಲನ್ನೂ ಮುಂದೆ ಕಡೆಗಣಿಸಲಾರನು.

ಶಿವಮೊಗ್ಗೆಯಿಂದ ಪಶ್ಚಿಮಕ್ಕೆ ಸಾಗಿದರೆ ಸಾಗರ, ಸೊರಬಗಳ ಸೀಮೆ. ಇದು ಗುಡಿಗಾರರ ನೆಲೆ. ಶ್ರೀಗಂಧದಲ್ಲಿ ವಿಗ್ರಹ, ಪೆಟ್ಟಿಗೆಗಳನ್ನು ಕೆತ್ತುವುದರಲ್ಲಿಯೂ, ಮದುವೆಗೆ ಬೆಂಡಿನ ಬಾಸಿಂಗ ಕಟ್ಟುವುದರಲ್ಲಿಯೂ ಇವರದು ಪಳಗಿದ ಕೈ. ಆನೆಯ ದಂತದ ಕೆತ್ತನೆಯೂ ಹಿಂದೆ ಇವರಲ್ಲಿತ್ತು. ದಂತದ ವ್ಯಾಪಾರ ಈಗ ಕಾನೂನಿನಿಂದ ನಿಷಿದ್ಧವಾಗಿರುವುದರಿಂದ, ಅಂಥದನ್ನು ಯಾರಾದರೂ ಮಾರಬಂದರೆ ದೂರವಿರಬೇಕು. ಅಂಗಡಿಯಲ್ಲಿ ವಸ್ತುವನ್ನು ಕೊಳ್ಳುವಾಗ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಅಚ್ಚಿನಲ್ಲಿ ಎರೆದವು ಒಂದರಂತೆ ಒಂದಿರುತ್ತವೆ. ಕೈಯಿಂದ ಕೆತ್ತಿದವುಗಳಲ್ಲಿ ಕಣ್ಣಿನ ನೋಟವಾದರೂ, ಬೆರಳಿನ ಬಾಗಾದರೂ ಭೇದವಾಗಿಯೇ ಇರುತ್ತದೆ. ಬೆನ್ನಿನ ಭಾಗವನ್ನೂ ತಿರುಗಿಸಿ ನೋಡಿದರೆ ಉಳಿಯ ಗುರುತು ಕಾಣಬಹುದು. ಇಂಥ ಕೆಲಸಕ್ಕೆ ಬೆಲೆ ಹೆಚ್ಚೆಂದು ಚೌಕಾಸಿ ಮಾಡುವ ಮುನ್ನ, ಅದರಲ್ಲಿ ಎಷ್ಟು ದಿನಗಳ ಶ್ರಮವಿದೆಯೆಂದು ಕೇಳುವುದು ಒಳ್ಳೆಯದು. ಮಲ್ಲಿತಮ್ಮನನ್ನು ಹೊಗಳಿ ಮನೆಗೆ ಬಂದು, ಇಂದಿನ ಕುಶಲಿಗೆ ಅರೆಬೆಲೆ ಕೊಡುವುದು ನ್ಯಾಯವಲ್ಲ.

ದೇವಾಲಯದ ಫಲಕಗಳನ್ನು ಮುಟ್ಟಿ ಸವರುವುದು, ಅವುಗಳಿಗೆ ಎಣ್ಣೆ ಕುಂಕುಮಗಳನ್ನು ಮೆತ್ತುವುದು, ಹೆಸರು ಗೀಚುವುದು ಇವೆಲ್ಲ ಬೇಡವೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು. ಅದಕ್ಕಿಂತಲೂ ಮುಖ್ಯವಾದ ಸಿದ್ಧತೆಯೊಂದಿದೆ. ಪಯಣಕ್ಕೆ ವಾರವಿರುವಾಗಲೇ, ರಾತ್ರಿಯ ಊಟವಾದ ಬಳಿಕ ಹಿರಿಯರು ಮಕ್ಕಳನ್ನು ಕೂಡಿಸಿಕೊಂಡು ದಿನಕ್ಕೊಂದು ಕಾಂಡದಂತೆ ರಾಮಾಯಣವನ್ನು ಹೇಳಿ ಮುಗಿಸಲಿ. ಬುತ್ತಿಯ ಗಂಟಿನ ಜೊತೆಗೆ ಆ ಕಥೆಯನ್ನೂ ಕಟ್ಟಿಕೊಂಡು ಹೋದವರಿಗೆ ಅಮೃತಾಪುರದ ಗೋಡೆ ತನ್ನ 140 ಪುಟಗಳನ್ನೂ ತೆರೆದು ತೋರುವುದು.